ಕ್ಯಾಮೆರಾ, ಮೊಬೈಲ್, ಮೆಮೊರಿ ಕಾರ್ಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹವ್ಯಾಸಕ್ಕಾಗಿ ಚಿತ್ರ ತೆಗೆಯುವವರದು. ಹೊಸ ಸಲಕರಣೆ ಕೊಳ್ಳಬೇಕೇ ಎಂದು ಕೇಳಿದವರು ಬಹಳ ಮಂದಿ, ತೆಗೆದ ಚಿತ್ರಗಳನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಕೇಳಿದವರು ಕೆಲವರು ಮಾತ್ರ. ಎರಡನೆಯ ಪ್ರಶ್ನೆಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಕೊಳ್ಳುವುದನ್ನು ಮುಂದಕ್ಕೆ ಹಾಕಿದರೆ ಏನೂ ನಷ್ಟವಿಲ್ಲ, ಆದರೆ ಕಾಪಾಡುವುದನ್ನು ಮುಂದಕ್ಕೆ ಹಾಕಿದವರ ಪತ್ರಗಳನ್ನು ಓದುವಾಗ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ಈಚೆಗೆ ಕೊಂಡ ಮೊಬೈಲ್‌ನಲ್ಲಿ 200 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆಯೆಂದು ಪೆಟ್ಟಿಗೆಯ ಮೇಲೆ ಬರೆದಿದೆ. ಹಳೆಯ ಕ್ಯಾಮೆರಾವನ್ನು ಮಾರಿಬಿಡಲೇ?

ಉತ್ತರ: ಮಾರಬೇಡಿ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿಗಳು. ಚಿತ್ರದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ, ಒಂದೊಂದು ಚುಕ್ಕಿಯ ಪಾಲಿಗೆ ಎಷ್ಟು ಬೆಳಕು ಬಂತು ಎಂಬುದನ್ನು ಹೇಳುವುದಿಲ್ಲ. ಹವ್ಯಾಸಿಗಳ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ) ಸುಮಾರು 23.5 ಮಿಲಿಮೀಟರ್ ಉದ್ದ, 15.6 ಮಿಲಿಮೀಟರ್ ಅಗಲ ಇರುತ್ತದೆ. ದೊಡ್ಡ ಸಂಖ್ಯೆ ಹೇಳಿಕೊಳ್ಳುವ ಮೊಬೈಲ್‌ಗಳ ಸೆನ್ಸರ್‌ನ ಉದ್ದ ಹೆಚ್ಚೂಕಡಿಮೆ 10 ಮಿಲಿಮೀಟರ್. ಅಂದರೆ ನಿಮ್ಮ ಹಳೆಯ ಕ್ಯಾಮೆರಾದಲ್ಲಿ ಬೆಳಕು ಬೀಳುವ ಜಾಗ ಸುಮಾರು ಐದು ಪಟ್ಟು ದೊಡ್ಡದು. ಅಷ್ಟು ಸಣ್ಣ ಜಾಗದಲ್ಲಿ 20 ಕೋಟಿ ಚುಕ್ಕಿಗಳನ್ನು ತುಂಬಿದಾಗ ಒಂದೊಂದಕ್ಕೂ ಸಿಗುವ ಬೆಳಕು ತೀರ ಕಡಿಮೆಯಾಗುವುದರಿಂದ, ಅಂಥ ಮೊಬೈಲ್‌ಗಳು ಸಾಮಾನ್ಯವಾಗಿ ಅಕ್ಕಪಕ್ಕದ 16 ಚುಕ್ಕಿಗಳನ್ನು ಒಂದಾಗಿ ಸೇರಿಸಿ, 12.5 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ನಮಗೆ ಕೊಡುತ್ತವೆ.

ಅದು ಕಡಿಮೆಯೇನೂ ಅಲ್ಲ. ನೀವು ತೆಗೆದ ಚಿತ್ರವನ್ನು ಕೊನೆಗೆ ಎಲ್ಲಿ ನೋಡುತ್ತೀರಿ ಎಂದು ಯೋಚಿಸಿ. 4ಕೆ ಪರದೆಯಲ್ಲಿರುವುದು 3840×2160 ಚುಕ್ಕಿಗಳು, ಅಂದರೆ ಸುಮಾರು 83 ಲಕ್ಷ. 12×8 ಅಂಗುಲದ ಕಾಗದದ ಮೇಲೆ, ಅಂಗುಲಕ್ಕೆ 300 ಚುಕ್ಕಿಗಳಂತೆ ಒಳ್ಳೆಯ ಮುದ್ರಣ ಪಡೆಯಲು ಬೇಕಾಗುವುದು 86 ಲಕ್ಷ. ನಿಮ್ಮ 24 ಮೆಗಾಪಿಕ್ಸೆಲ್ ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು.

ಮೊಬೈಲ್‌ನ ನಿಜವಾದ ಬಲ ಅದರ ಗಣಕಶಕ್ತಿಯಲ್ಲಿದೆ. ಮಂದ ಬೆಳಕಿನಲ್ಲಿ ಅದು ಒಂದರ ಹಿಂದೊಂದು ಅನೇಕ ಚಿತ್ರಗಳನ್ನು ತೆಗೆದು, ಕೈಯ ಅಲುಗಾಟವನ್ನು ಸರಿದೂಗಿಸಿ, ಒಂದರ ಮೇಲೊಂದು ಕೂಡಿಸುತ್ತದೆ. 16 ಚಿತ್ರಗಳ ಸರಾಸರಿ ತೆಗೆದರೆ ಮರಳು ಮರಳಾಗಿ ಕಾಣುವ ಕಲೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಲುಗದ ದೃಶ್ಯಗಳಿಗೆ, ಪ್ರಯಾಣದ ಚಿತ್ರಗಳಿಗೆ ಮೊಬೈಲನ್ನು ನಿಸ್ಸಂಕೋಚವಾಗಿ ಬಳಸಿ. ದೂರದ ಹಕ್ಕಿ, ಓಡುವ ಪ್ರಾಣಿ, ವೇದಿಕೆಯ ಮೇಲಿನ ನರ್ತಕಿ ಇವರಿಗೆಲ್ಲ ನಿಮ್ಮ ಹಳೆಯ ಕ್ಯಾಮೆರಾವೇ ಬೇಕು. ಕೈಯಲ್ಲಿ ಹಣವಿದ್ದರೆ ಅದನ್ನು ಇನ್ನೊಂದು ಲೆನ್ಸಿಗೆ ಹಾಕಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಮನೆಯೊಳಗೆ ಮೊಮ್ಮಗಳು ಆಡುವ ಚಿತ್ರ ತೆಗೆದರೆ ಪ್ರತಿ ಸಲವೂ ಮುಖ ಕದಡಿದಂತೆ ಬರುತ್ತದೆ. ಟ್ರೈಪಾಡ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. ಟ್ರೈಪಾಡ್ ನಿಮ್ಮ ಕೈಯ ನಡುಕವನ್ನು ನಿಲ್ಲಿಸುತ್ತದೆ, ಮಗುವಿನ ಓಟವನ್ನಲ್ಲ. ಚಿತ್ರ ತೆಗೆದ ಮೇಲೆ ಅದರ ವಿವರಗಳಲ್ಲಿ ಷಟರ್ ವೇಗವನ್ನು, ಅಂದರೆ ಬೆಳಕು ಒಳಗೆ ಬರಲು ಕ್ಯಾಮೆರಾ ತೆರೆದಿದ್ದ ಹೊತ್ತನ್ನು, ಗಮನಿಸಿ. ಬಹುಶಃ ಅದು ಸೆಕೆಂಡಿನ 1/30 ಭಾಗದ ಆಸುಪಾಸಿನಲ್ಲಿರುತ್ತದೆ. ಆಡುವ ಮಗುವಿಗೆ ಕನಿಷ್ಠ 1/250, ಓಡುವಾಗ 1/500 ಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕಾದರೆ ಲೆನ್ಸಿನ ಕಿಂಡಿ ದೊಡ್ಡದಾಗಬೇಕು. ಕ್ಯಾಮೆರಾದ ಜೊತೆಗೇ ಬರುವ ಜೂಮ್ ಲೆನ್ಸ್, ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್/2ಕ್ಕೆ ತೆರೆಯುವ ಲೆನ್ಸ್ ಅದರ ಎಂಟು ಪಟ್ಟು ಬೆಳಕನ್ನು ಒಳಬಿಡುತ್ತದೆ, ಆದ್ದರಿಂದ 1/30 ಇದ್ದದ್ದು ಅದೇ ಕೋಣೆಯಲ್ಲಿ 1/240ಕ್ಕೆ ಏರುತ್ತದೆ. 35 ಅಥವಾ 50 ಮಿಲಿಮೀಟರ್‌ನ, ಎಫ್/1.8ರ ಜೂಮ್ ಇಲ್ಲದ ಲೆನ್ಸ್ ಬಹುತೇಕ ಎಲ್ಲ ತಯಾರಕರಲ್ಲೂ ದೊರೆಯುತ್ತದೆ, ಅವರ ಇತರ ಲೆನ್ಸ್‌ಗಳಿಗೆ ಹೋಲಿಸಿದರೆ ಅಗ್ಗವೂ ಹೌದು. ಈ ಮಿಲಿಮೀಟರ್ ಸಂಖ್ಯೆ ಲೆನ್ಸಿನ ಫೋಕಲ್ ಲೆಂಗ್ತ್, ಅದು ಹೆಚ್ಚಿದಷ್ಟೂ ದೃಶ್ಯ ಹತ್ತಿರವಾಗಿ ಕಾಣುತ್ತದೆ, ಚೌಕಟ್ಟಿನಲ್ಲಿ ಹಿಡಿಯುವ ಜಾಗ ಕಿರಿದಾಗುತ್ತದೆ. ಹಾಗಾಗಿ ಚಿಕ್ಕ ಕೋಣೆಗಳಿಗೆ 35 ಹೆಚ್ಚು ಅನುಕೂಲ.

ಅದನ್ನು ಕೊಳ್ಳುವ ಮೊದಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಸಂಖ್ಯೆ) ಅನ್ನು 1600 ಅಥವಾ 3200ಕ್ಕೆ ಏರಿಸಿ ನೋಡಿ. ಸ್ವಲ್ಪ ಮರಳು ಕಂಡರೂ ಮುಖ ಸ್ಪಷ್ಟವಾಗಿದ್ದರೆ ಆ ಚಿತ್ರವನ್ನು ಯಾರೂ ದೂರುವುದಿಲ್ಲ, ಮುಖವೇ ಕದಡಿದ್ದರೆ ಅದನ್ನು ಸರಿಪಡಿಸುವ ದಾರಿಯೇ ಇಲ್ಲ. ಮಗುವಿನ ಆಟಿಕೆಗಳನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದರೂ ಸಾಕು, ಬೆಳಕು ಹಲವು ಪಟ್ಟು ಹೆಚ್ಚುತ್ತದೆ.

ಪ್ರಶ್ನೆ: ಎಲ್‌ಇಡಿ ದೀಪಗಳ ಕೆಳಗೆ ತೆಗೆದ ಚಿತ್ರಗಳಲ್ಲಿ ಕಪ್ಪು ಪಟ್ಟಿಗಳು ಬರುತ್ತಿವೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. 50 ಹರ್ಟ್ಸ್‌ನ ವಿದ್ಯುತ್ತಿನಲ್ಲಿ ಉರಿಯುವ ಅನೇಕ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಷಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಕೆಲವು ಸಾಲುಗಳಿಗೆ ಏರಿದ ಬೆಳಕು, ಕೆಲವಕ್ಕೆ ಇಳಿದ ಬೆಳಕು ಸಿಗುತ್ತದೆ. ಮೆಕ್ಯಾನಿಕಲ್ ಷಟರ್‌ಗೆ ಬದಲಿಸಿ, ವೇಗವನ್ನು 1/100 ಅಥವಾ 1/50ಕ್ಕೆ ಇಡಿ. 60 ಹರ್ಟ್ಸ್ ವಿದ್ಯುತ್ ಇರುವ ದೇಶಗಳಲ್ಲಿ 1/120 ಅಥವಾ 1/60. ಹಿಂದಿನ ಪ್ರಶ್ನೆಯಂತೆ ಓಡುವ ಮಗುವಿಗೆ ಆ ವೇಗ ಸಾಲದು. ಆಗ ಕ್ಯಾಮೆರಾದ ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಎಂಬ ಆಯ್ಕೆ ಇದೆಯೇ ನೋಡಿ, ಅದು ಬೆಳಕು ಏರಿದ ಕ್ಷಣಕ್ಕೆ ಕಾದು ಷಟರ್ ತೆರೆಯುತ್ತದೆ.

ಪ್ರಶ್ನೆ: ಹುಣ್ಣಿಮೆಯ ಚಂದ್ರನ ಚಿತ್ರ ತೆಗೆದಾಗಲೆಲ್ಲ ಬರೀ ಬಿಳಿಯ ಬೊಟ್ಟು ಬರುತ್ತದೆ. ಕಣ್ಣಿಗೆ ಕಾಣುವ ಕಲೆಗಳು ಚಿತ್ರದಲ್ಲಿ ಏಕೆ ಬರುವುದಿಲ್ಲ?

ಉತ್ತರ: ಈ ಪ್ರಶ್ನೆಯನ್ನು ಉತ್ತರಿಸುವುದೆಂದರೆ ನನಗೆ ಸಂತೋಷ, ಏಕೆಂದರೆ ಕ್ಯಾಮೆರಾ ಬೆಳಕನ್ನು ಹೇಗೆ ಅಳೆಯುತ್ತದೆ ಎಂಬುದು ಇದರಲ್ಲಿ ಪೂರ್ತಿ ಅರ್ಥವಾಗುತ್ತದೆ. ನಾವು ನಿಂತಿರುವುದು ರಾತ್ರಿಯಲ್ಲಾದರೂ ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು. ಹಗಲಿನಲ್ಲಿ ಬಂಡೆಯೊಂದರ ಚಿತ್ರ ತೆಗೆಯಲು ಎಷ್ಟು ಬೆಳಕು ಸಾಕೋ ಹೆಚ್ಚೂಕಡಿಮೆ ಅಷ್ಟೇ ಇದಕ್ಕೂ ಸಾಕು. ಕ್ಯಾಮೆರಾಕ್ಕೆ ಅದು ತಿಳಿಯದು. ಚೌಕಟ್ಟಿನ ಬಹುಭಾಗ ಕಪ್ಪು ಆಕಾಶವೇ ಇರುವುದರಿಂದ ಅದನ್ನು ಬೂದು ಬಣ್ಣಕ್ಕೆ ತರಲು ಷಟರನ್ನು ಬಹಳ ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ಚಂದ್ರನ ಮೇಲಿನ ಕಲೆಗಳೆಲ್ಲ ಅತಿಯಾದ ಬೆಳಕಿನಲ್ಲಿ ಅಳಿಸಿಹೋಗುತ್ತವೆ. ಮ್ಯಾನ್ಯುಅಲ್ ವಿಧಾನಕ್ಕೆ ಹೋಗಿ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11, ಐಎಸ್‌ಒ 100, ಷಟರ್ ವೇಗ 1/100 ಇಟ್ಟು ಮೊದಲ ಚಿತ್ರ ತೆಗೆಯಿರಿ, ಅಲ್ಲಿಂದ ಆಚೀಚೆ ಹೊಂದಿಸಿ.

ಗಾತ್ರದ ಲೆಕ್ಕವೂ ಸರಳ. ಚಂದ್ರ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತಾನೆ, ಹಾಗಾಗಿ ಲೆನ್ಸಿನ ಫೋಕಲ್ ಲೆಂಗ್ತನ್ನು 110ರಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಅವನ ಬಿಂಬದ ಅಗಲ ಸಿಗುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಅದು ಅರ್ಧ ಮಿಲಿಮೀಟರ್ ಕೂಡ ಇಲ್ಲ, 300ರಲ್ಲಿ 2.7 ಮಿಲಿಮೀಟರ್. ನಿಮ್ಮಲ್ಲಿ ಉದ್ದನೆಯ ಲೆನ್ಸ್ ಇಲ್ಲದಿದ್ದರೆ ಚಂದ್ರನನ್ನು ದೊಡ್ಡದು ಮಾಡುವ ಆಸೆ ಬಿಟ್ಟು, ಚಂದ್ರೋದಯದ ಹೊತ್ತಿಗೆ ಸಂಜೆಯ ಬೆಳಕು ಇನ್ನೂ ಉಳಿದಿರುವಾಗ, ಒಂದು ಮರವನ್ನೋ ಗುಡ್ಡವನ್ನೋ ಜೊತೆಗಿಟ್ಟು ತೆಗೆಯಿರಿ. ಆಗ ನೆಲ, ಚಂದ್ರ ಎರಡೂ ಒಂದೇ ಚಿತ್ರದಲ್ಲಿ ಸರಿಯಾಗಿ ಬರುತ್ತವೆ. ಕುಳಿಗಳನ್ನೇ ನೋಡಬೇಕೆಂದರೆ ಹುಣ್ಣಿಮೆ ತಕ್ಕ ದಿನವಲ್ಲ. ಅಂದು ಬಿಸಿಲು ನೇರವಾಗಿ ಬಿದ್ದು ನೆರಳುಗಳಿರುವುದಿಲ್ಲ. ಅಷ್ಟಮಿಯ ಹೊತ್ತಿಗೆ, ಬೆಳಕು ಕತ್ತಲೆ ಕೂಡುವ ಅಂಚಿನಲ್ಲಿ, ಕುಳಿಗಳ ನೆರಳು ಉದ್ದವಾಗಿ ಚಾಚಿರುತ್ತದೆ. ಅಂದು ಚಂದ್ರನ ಮೈ ಹುಣ್ಣಿಮೆಯಷ್ಟು ಪ್ರಕಾಶವಾಗಿರುವುದಿಲ್ಲ, ಆದ್ದರಿಂದ ಎಫ್/5.6ರವರೆಗೆ ತೆರೆಯಬೇಕಾಗಬಹುದು.

ಪ್ರಶ್ನೆ: ರಾ ಕಡತದಲ್ಲಿ ಚಿತ್ರ ತೆಗೆಯಲೇಬೇಕೆಂದು ಸ್ನೇಹಿತರು ಒತ್ತಾಯಿಸುತ್ತಾರೆ. ಜೆಪೆಗ್‌ನಿಂದ ನಷ್ಟವೇನು?

ಉತ್ತರ: ರಾ ಎಂದರೆ ಸೆನ್ಸರ್ ಹಿಡಿದ ಮಾಹಿತಿ ಹೆಚ್ಚೂಕಡಿಮೆ ಹಾಗೆಯೇ ಇರುವ ಕಡತ, ಜೆಪೆಗ್ ಎಂದರೆ ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿಕೊಟ್ಟ ಕಡತ. ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲುಗಳು ಮಾತ್ರ. 14 ಬಿಟ್‌ನ ರಾ ಕಡತದಲ್ಲಿ 16,384. ಚಿತ್ರ ಚೆನ್ನಾಗಿಯೇ ಬಂದಿದ್ದರೆ ಈ ಅಂತರ ಕಣ್ಣಿಗೆ ಬೀಳುವುದಿಲ್ಲ. ಕತ್ತಲಾದ ಮುಖವನ್ನು ಆಮೇಲೆ ಬೆಳಗಿಸಬೇಕಾದಾಗ, ಹಳದಿಗೆ ತಿರುಗಿದ ಬಣ್ಣವನ್ನು ಸರಿಮಾಡಬೇಕಾದಾಗ, ಜೆಪೆಗ್ ಬೇಗ ಒಡೆದು ಪಟ್ಟೆ ಪಟ್ಟೆಯಾಗುತ್ತದೆ, ರಾ ತಡೆದುಕೊಳ್ಳುತ್ತದೆ. ಹಾಗೆಂದು ಪೂರ್ತಿ ಬಿಳಿಯಾಗಿ ಹೋದ ಆಕಾಶದಲ್ಲಿ ಮೋಡಗಳನ್ನು ಮರಳಿ ತರುವುದು ರಾ ಕಡತಕ್ಕೂ ಸಾಧ್ಯವಿಲ್ಲ.

ಪ್ರತಿ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಕುಳಿತು ಸಂಸ್ಕರಿಸುವ ವ್ಯವಧಾನ ನಿಮಗಿಲ್ಲದಿದ್ದರೆ ಜೆಪೆಗ್‌ನಲ್ಲಿಯೇ ತೆಗೆಯಿರಿ, ಅದರಲ್ಲಿ ಕೀಳರಿಮೆ ಬೇಡ. ಮತ್ತೆ ಸಿಗದ ಸಂದರ್ಭಗಳಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ಉಳಿಸುವ ಆಯ್ಕೆಯನ್ನು ಬಳಸಿ. ರಾ ಕಡತಗಳನ್ನು ತೆರೆಯಲು ಡಾರ್ಕ್‌ಟೇಬಲ್, ರಾಥೆರಪಿ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ಪ್ರಶ್ನೆ: ತಂಗಿಯ ಮದುವೆಯ ಚಿತ್ರಗಳಿದ್ದ ಮೆಮೊರಿ ಕಾರ್ಡನ್ನು ಕೈತಪ್ಪಿ ಫಾರ್ಮ್ಯಾಟ್ ಮಾಡಿದ್ದೇನೆ. ಏನಾದರೂ ಉಪಾಯವಿದೆಯೇ?

ಉತ್ತರ: ಇದೆ, ಆದರೆ ಈ ಕ್ಷಣದಿಂದ ಆ ಕಾರ್ಡಿನಲ್ಲಿ ಒಂದು ಚಿತ್ರವನ್ನೂ ತೆಗೆಯಬೇಡಿ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಸಿಹೋಗುವುದು ಕಡತಗಳ ಪರಿವಿಡಿ ಮಾತ್ರ. ಪುಟಗಳು ಅಲ್ಲಿಯೇ ಇರುತ್ತವೆ, ಹೊಸ ಚಿತ್ರ ಬಂದು ಅವುಗಳ ಮೇಲೆ ಕೂರುವವರೆಗೆ. ಕಾರ್ಡನ್ನು ಹೊರತೆಗೆದು ಪಕ್ಕದಲ್ಲಿರುವ ಲಾಕ್ ಗುಂಡಿಯನ್ನು ಕೆಳಕ್ಕೆ ಸರಿಸಿ, ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ. ಸಿಕ್ಕ ಚಿತ್ರಗಳನ್ನು ಅದೇ ಕಾರ್ಡಿಗಲ್ಲದೆ ಕಂಪ್ಯೂಟರಿನ ಡಿಸ್ಕಿಗೆ ಉಳಿಸಬೇಕು. ಕಡತಗಳ ಹಳೆಯ ಹೆಸರುಗಳು ಮರಳುವುದಿಲ್ಲ, ಆದರೆ ತೆಗೆದ ದಿನಾಂಕ ಚಿತ್ರದ ಒಳಗೇ ಇರುವುದರಿಂದ ಆಮೇಲೆ ಜೋಡಿಸಿಕೊಳ್ಳಬಹುದು. ಮೊಬೈಲ್‌ನ ಒಳಗಿನ ಸಂಗ್ರಹದಿಂದ ಅಳಿಸಿದ ಚಿತ್ರಗಳಿಗೆ ಈ ವಿಧಾನ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಇರುತ್ತದೆ. ಅಂಥವರು ಗ್ಯಾಲರಿಯ ಕಸದ ಬುಟ್ಟಿಯನ್ನು ತಕ್ಷಣ ನೋಡಬೇಕು. ಸಾಮಾನ್ಯವಾಗಿ 30 ದಿನಗಳವರೆಗೆ ಅಳಿಸಿದ ಚಿತ್ರಗಳು ಅಲ್ಲಿರುತ್ತವೆ.

ಪ್ರಶ್ನೆ: ಹತ್ತು ವರ್ಷಗಳ ಚಿತ್ರಗಳು ಮೊಬೈಲ್, ಲ್ಯಾಪ್‌ಟಾಪ್, ಪೆನ್ ಡ್ರೈವ್‌ಗಳಲ್ಲಿ ಹಂಚಿಹೋಗಿವೆ. ಕ್ಲೌಡ್‌ನಲ್ಲಿ ಹಾಕಿದರೆ ಸಾಕೇ?

ಉತ್ತರ: ಸಾಲದು. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮ ಇಂದಿಗೂ ಅತ್ಯುತ್ತಮವಾದದ್ದು. ಪ್ರತಿ ಚಿತ್ರದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಂಗ್ರಹಗಳಲ್ಲಿರಬೇಕು, ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ಒಂದೇ ಮನೆಯಲ್ಲಿ ಮೂರು ಡಿಸ್ಕ್‌ಗಳಿದ್ದರೂ ಬೆಂಕಿ, ನೀರು, ಕಳ್ಳತನಗಳ ಎದುರು ಅವು ಒಂದೇ ಪ್ರತಿಗೆ ಸಮ.

ಕ್ಲೌಡ್ ಸೇವೆಯನ್ನು ಮನೆಯ ಹೊರಗಿನ ಆ ಒಂದು ಪ್ರತಿಯೆಂದು ಧಾರಾಳವಾಗಿ ಎಣಿಸಬಹುದು. ಆದರೆ ಬಹಳಷ್ಟು ಸೇವೆಗಳು ಮಾಡುವುದು ಸಿಂಕ್, ಅಂದರೆ ಎರಡೂ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ನೀವು ಮೊಬೈಲ್‌ನಲ್ಲಿ ಜಾಗವಿಲ್ಲವೆಂದು ಒಂದು ಚಿತ್ರವನ್ನು ಅಳಿಸಿದರೆ ಅದು ಕ್ಲೌಡ್‌ನಿಂದಲೂ ಅಳಿದುಹೋಗಬಹುದು. ಜಾಗ ಖಾಲಿ ಮಾಡಲು ಆ್ಯಪ್‌ನಲ್ಲಿಯೇ ಬೇರೆ ಆಯ್ಕೆ ಇರುತ್ತದೆ, ಅದನ್ನೇ ಬಳಸಬೇಕು. ಪಾಸ್‌ವರ್ಡ್ ಮರೆತು ಖಾತೆಯೇ ಕೈತಪ್ಪಿದರೆ ಆ ಪ್ರತಿಯೂ ಹೋದಂತೆ. ಆದ್ದರಿಂದ ಮನೆಯಲ್ಲಿ ಎರಡು ಪ್ರತಿಗಳು ಇದ್ದೇ ಇರಲಿ, ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ. ನಕಲು ಮಾಡುವ ಹೊತ್ತನ್ನು ಬಿಟ್ಟರೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಯೇ ಇಡಿ, ಆಗ ವೈರಸ್ ಬಂದರೂ ಅದನ್ನು ಮುಟ್ಟಲಾರದು. ಪೆನ್ ಡ್ರೈವ್‌ಗಳು ಸಾಗಿಸುವುದಕ್ಕೆ ಮಾತ್ರ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿರುವ ಫ್ಲ್ಯಾಶ್ ಸಂಗ್ರಹದಿಂದ ಮಾಹಿತಿ ಮೆಲ್ಲನೆ ಸೋರಿಹೋಗಬಹುದು.

ಇನ್ನು ಜೋಡಣೆಯ ವಿಚಾರ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ 2019-05-12 ಎಂಬ ರೀತಿಯಲ್ಲಿ ವರ್ಷ, ತಿಂಗಳು, ದಿನ ಮತ್ತು ಸಂದರ್ಭದ ಹೆಸರು ಇಟ್ಟರೆ ಯಾವ ಕಂಪ್ಯೂಟರ್ ಆದರೂ ಅವುಗಳನ್ನು ಕಾಲಕ್ರಮದಲ್ಲಿಯೇ ತೋರಿಸುತ್ತದೆ. ಮೊದಲು ಎಲ್ಲವನ್ನೂ ಒಂದೇ ಕಡೆ ತಂದು ಎರಡು ಪ್ರತಿ ಮಾಡಿ, ವಿಂಗಡಿಸುವ ಕೆಲಸ ಅನಂತರ. ಅನೇಕರು ವಿಂಗಡಿಸಿದ ಮೇಲೆ ನಕಲು ಮಾಡೋಣವೆಂದು ಕಾಯುತ್ತಾರೆ, ವಿಂಗಡಣೆ ಮುಗಿಯುವುದೇ ಇಲ್ಲ. ವರ್ಷಕ್ಕೊಮ್ಮೆ ಪ್ರತಿ ಡಿಸ್ಕಿನಿಂದ ಕೆಲವು ಚಿತ್ರಗಳನ್ನು ತೆರೆದು ನೋಡುವುದನ್ನು ಮರೆಯಬೇಡಿ, ಏಕೆಂದರೆ ತೆರೆದು ನೋಡದ ಪ್ರತಿ ಸರಿಯಾಗಿದೆಯೆಂದು ಹೇಳಲಾಗದು.

ಪ್ರಶ್ನೆ: ಅಪ್ಪ ತೆಗೆದ ಫಿಲ್ಮ್ ನೆಗೆಟಿವ್‌ಗಳು ಒಂದು ಪೆಟ್ಟಿಗೆಯಷ್ಟಿವೆ. ನಾನೇ ಅವನ್ನು ಡಿಜಿಟಲ್ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು, ಮತ್ತು ಹವ್ಯಾಸಿಯೊಬ್ಬರು ಮಾಡಬಹುದಾದ ಅತ್ಯಂತ ಬೆಲೆಬಾಳುವ ಕೆಲಸ ಇದೆಂದು ನಾನು ನಂಬಿದ್ದೇನೆ. ಸಾಮಾನ್ಯ ಫಿಲ್ಮ್‌ನ ಒಂದು ಚೌಕಟ್ಟು 36×24 ಮಿಲಿಮೀಟರ್. ಅದನ್ನು ಪೂರ್ತಿಯಾಗಿ ಹಿಡಿಯಬಲ್ಲ ಮ್ಯಾಕ್ರೊ ಲೆನ್ಸ್ (ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್), ಕೆಳಗಿನಿಂದ ಸಮನಾಗಿ ಬೆಳಗುವ ಬಿಳಿಯ ಎಲ್‌ಇಡಿ ಫಲಕ, ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದಿಡುವ ಒಂದು ಗಟ್ಟಿ ಆಧಾರ ಇದ್ದರೆ ಸಾಕು. ಫಲಕ ಬಣ್ಣಗಳನ್ನು ನಿಷ್ಠೆಯಿಂದ ತೋರಿಸುವಂಥದ್ದಾಗಿರಬೇಕು. ಸಿಆರ್‌ಐ ಅಂಕ 95ಕ್ಕಿಂತ ಮೇಲಿರುವುದನ್ನು ಆರಿಸಿ. ಫಿಲ್ಮನ್ನು ಫಲಕಕ್ಕೆ ಅಂಟಿಸದೆ ಸ್ವಲ್ಪ ಎತ್ತರದಲ್ಲಿ ಇಟ್ಟರೆ ಫಲಕದ ಮೇಲಿನ ಧೂಳು ಚಿತ್ರದಲ್ಲಿ ಕಾಣುವುದಿಲ್ಲ. ಫಿಲ್ಮ್ ಮೇಲಿನ ಧೂಳನ್ನು ಗಾಳಿಯ ಬಲ್ಬಿನಿಂದ ಊದಿ ತೆಗೆಯಿರಿ, ಒದ್ದೆ ಬಟ್ಟೆ ಬೇಡವೇ ಬೇಡ.

ಕಪ್ಪು-ಬಿಳುಪು ನೆಗೆಟಿವನ್ನು ಕಂಪ್ಯೂಟರಿನಲ್ಲಿ ತಿರುಗುಮುರುಗು ಮಾಡುವುದು ಸುಲಭ. ಬಣ್ಣದ ನೆಗೆಟಿವ್‌ಗಳಲ್ಲಿ ಕಿತ್ತಳೆ ಬಣ್ಣದ ಹಿನ್ನೆಲೆ ಇರುವುದರಿಂದ ಅದನ್ನು ಕಳೆಯುವ ಇನ್ನೊಂದು ಹೆಜ್ಜೆ ಬೇಕಾಗುತ್ತದೆ, ರಾ ಕಡತ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮುದ್ರಿತ ಚಿತ್ರಗಳು ಮಾತ್ರ ಇದ್ದರೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ಅಂಗುಲಕ್ಕೆ 600 ಚುಕ್ಕಿಗಳಂತೆ ತೆಗೆದರೆ ಸಾಕು. ಎಲ್ಲ ಮುಗಿದ ಮೇಲೂ ನೆಗೆಟಿವ್‌ಗಳನ್ನು ಎಸೆಯಬೇಡಿ. ಹಿರಿಯರು ಜೊತೆಗಿರುವಾಗಲೇ ಚಿತ್ರದಲ್ಲಿರುವವರು ಯಾರೆಂದು ಕೇಳಿ, ಹೆಸರುಗಳನ್ನು ಚಿತ್ರದ ವಿವರಣೆಯ ಅಂಕಣದಲ್ಲಿ ಬರೆದಿಡಿ.

ಪ್ರಶ್ನೆ: ಲೆನ್ಸಿನ ಒಳಗೆ ಜೇಡರ ಬಲೆಯಂಥ ಗೆರೆಗಳು ಕಾಣುತ್ತಿವೆ.

ಉತ್ತರ: ಅದು ಬೂಷ್ಟು. ತೇವವಾದ, ಗಾಳಿಯಾಡದ, ಕತ್ತಲೆಯ ಜಾಗದಲ್ಲಿ ಲೆನ್ಸ್ ಬಹುಕಾಲ ಇದ್ದಾಗ ಬೆಳೆಯುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಅದರಲ್ಲಿ ಲೆನ್ಸ್ ಇಡುವುದು ಒಳ್ಳೆಯದಲ್ಲ. ಆ ಲೆನ್ಸನ್ನು ಉಳಿದವುಗಳಿಂದ ಬೇರೆ ಇಟ್ಟು, ಬೇಗನೆ ಅನುಭವಿ ತಂತ್ರಜ್ಞರಿಗೆ ತೋರಿಸಿ. ತಡಮಾಡಿದರೆ ಅದು ಗಾಜಿನ ಮೇಲಿನ ಲೇಪನವನ್ನು ಕೊರೆದುಬಿಡುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಉಳಿದ ಲೆನ್ಸ್‌ಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಟ್ಟು, ಒಂದು ಚಿಕ್ಕ ತೇವಾಂಶ ಮಾಪಕವನ್ನೂ ಹಾಕಿ. 40ರಿಂದ 50 ಶೇಕಡಾ ಇದ್ದರೆ ಸರಿ. ತೀರ ಒಣಗಿಸಿದರೂ ಲೆನ್ಸಿನ ಒಳಗಿನ ಜಿಡ್ಡಿಗೆ ಹಾನಿಯಾಗಬಹುದು. ಸಿಲಿಕಾ ಜೆಲ್ ಬಣ್ಣ ಬದಲಾಯಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಇವೆಲ್ಲಕ್ಕಿಂತ ಒಳ್ಳೆಯದು, ಲೆನ್ಸನ್ನು ಆಗಾಗ ಹೊರತೆಗೆದು ಬಳಸುವುದು.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಮಂಕಾಗುತ್ತದೆ. ಮೂಲ ಗುಣಮಟ್ಟದಲ್ಲಿ ಕಳಿಸುವುದು ಹೇಗೆ?

ಉತ್ತರ: ಚಿತ್ರವನ್ನು ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಕಡತ ಇದ್ದ ಹಾಗೆಯೇ ತಲುಪುತ್ತದೆ. ಆದರೆ ಅದರ ಜೊತೆಗೆ ಚಿತ್ರ ತೆಗೆದ ಸಮಯ, ಕ್ಯಾಮೆರಾದ ಹೆಸರು, ಸ್ಥಳದ ಅಕ್ಷಾಂಶ-ರೇಖಾಂಶಗಳೂ ಹೋಗುತ್ತವೆ. ಮನೆಯಲ್ಲಿ ತೆಗೆದ ಮಕ್ಕಳ ಚಿತ್ರಗಳನ್ನು ಪರಿಚಯವಿಲ್ಲದವರಿರುವ ಗುಂಪಿಗೆ ಹೀಗೆ ಕಳಿಸಬೇಡಿ. ಅಪರೂಪದ ಹಕ್ಕಿಗಳ ಗೂಡಿನ ಚಿತ್ರಗಳಿಗೂ ಇದೇ ಎಚ್ಚರ ಅಗತ್ಯ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ದಾಖಲಿಸುವುದನ್ನು ನಿಲ್ಲಿಸಬಹುದು.

ಪ್ರಶ್ನೆ: ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ 64 ಜಿಬಿ ಚಿತ್ರಗಳನ್ನು ಇಳಿಸಲು ಅರ್ಧ ಗಂಟೆ ಹಿಡಿಯುತ್ತದೆ. ಎರಡರಲ್ಲೂ ಟೈಪ್-ಸಿ ಇದೆಯಲ್ಲ?

ಉತ್ತರ: ಟೈಪ್-ಸಿ ಎಂಬುದು ಕಿಂಡಿಯ ಆಕಾರ, ವೇಗವಲ್ಲ. ಚಾರ್ಜರ್ ಜೊತೆಗೆ ಬಂದ ಅನೇಕ ಕೇಬಲ್‌ಗಳ ಒಳಗೆ ಯುಎಸ್‌ಬಿ 2.0ರ ತಂತಿಗಳು ಮಾತ್ರ ಇರುತ್ತವೆ. ಅದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಎಂದರೆ 60 ಮೆಗಾಬೈಟ್. ಬಳಕೆಯಲ್ಲಿ 35ರಿಂದ 40 ಸಿಕ್ಕಿದರೆ ಹೆಚ್ಚು. ನಿಮ್ಮ ಅರ್ಧ ಗಂಟೆಯ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. 5 ಗಿಗಾಬಿಟ್ ಅಥವಾ ಅದಕ್ಕಿಂತ ಹೆಚ್ಚಿನ ವೇಗದ್ದೆಂದು ನಮೂದಿಸಿರುವ ಕಾರ್ಡ್ ರೀಡರ್ ಒಂದನ್ನು ಕೊಂಡು ಕಾರ್ಡನ್ನು ಅದರಲ್ಲಿ ಹಾಕಿ ನಕಲು ಮಾಡಿ. ನಿಮ್ಮದು ಸಾಮಾನ್ಯ ಯುಎಚ್‌ಎಸ್-1 ಕಾರ್ಡ್ ಆಗಿದ್ದರೆ, ಅದರ ಮಿತಿ ಸೆಕೆಂಡಿಗೆ 104 ಮೆಗಾಬೈಟ್ ಆದ್ದರಿಂದ, ಅದೇ ಕೆಲಸ ಹನ್ನೆರಡು ನಿಮಿಷಗಳ ಆಸುಪಾಸಿನಲ್ಲಿ ಮುಗಿಯುತ್ತದೆ, ಕ್ಯಾಮೆರಾದ ಬ್ಯಾಟರಿಯೂ ಉಳಿಯುತ್ತದೆ.